ಹಂಪಿಯ ಮಸೀದಿಯೂ ಮುರಿಯದ ವಾಗ್ದಾನವೂ

ಹೊಸಪೇಟೆಯಿಂದ ಹಂಪಿಗೆ ಹೋಗುವ ನಮ್ಮವರಲ್ಲಿ ಹಲವರು ಅಲ್ಲೊಂದು ಮಸೀದಿಯಿರುವುದನ್ನು ಅರಿಯದೆ ಮರಳುವುದುಂಟು. ವಿಜಯನಗರದ ಅರಸ ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನನು 1439ರಲ್ಲಿ ಅದನ್ನು ಕಟ್ಟಿಸಿದನು. ಕಂಬಗಳ ಮಂಟಪದಂತಿರುವ ಆ ಕಟ್ಟಡವನ್ನು ಅಲ್ಲಿಯ ಶಾಸನವು ಧರ್ಮಸಾಲೆಯೆಂದು ಕರೆಯುತ್ತದೆ. ಪಕ್ಕದಲ್ಲಿ ಗುಮ್ಮಟವುಳ್ಳ ಗೋರಿಯಿದೆ. 1565ರ ಯುದ್ಧದ ಬಳಿಕ ರಾಜಧಾನಿ ಪಾಳುಬಿದ್ದಿತು, ಅರಸೊತ್ತಿಗೆ ಪೆನುಕೊಂಡೆಗೆ ಸರಿಯಿತು. ಶಾಸನ ಮಾತ್ರ ಉಳಿಯಿತು.

ಅಹ್ಮದ್ ಖಾನನೂ ನಮ್ಮಂತೆಯೇ ಮನುಷ್ಯನು. ಅವನಿಂದಾದ ಲೋಪಗಳನ್ನು ಶಾಸನ ಹೇಳುವುದಿಲ್ಲ. ಅವುಗಳನ್ನು ಬಲ್ಲವನು ಅಲ್ಲಾಹನೊಬ್ಬನೇ. ಮನುಷ್ಯರು ಕೊರೆದ ಕಲ್ಲೇ ಒಂದು ಸತ್ಕರ್ಮದ ನೆನಪನ್ನು ಸುಮಾರು ಆರು ಶತಮಾನ ಕಾಪಾಡಿರುವಾಗ, ಅಲ್ಲಾಹನು ತನ್ನ ದಾಸನ ಸತ್ಕರ್ಮವನ್ನು ವ್ಯರ್ಥಗೊಳಿಸುವನೇ?

ಪವಿತ್ರ ಕುರ್‌ಆನಿನ ಅಝ್ಝುಮರ್ ಅಧ್ಯಾಯದ 53ನೇ ಸೂಕ್ತದಲ್ಲಿ ಅವನು ಪಾಪದಲ್ಲಿ ಎಲ್ಲೆ ಮೀರಿದವರನ್ನೂ ತನ್ನ ದಾಸರೆಂದೇ ಕರೆದು, ತನ್ನ ಕಾರುಣ್ಯದ ಬಗ್ಗೆ ನಿರಾಶರಾಗಬಾರದೆಂದು ತಿಳಿಸುತ್ತಾನೆ. ಮರುಸೂಕ್ತವು ಅವನೆಡೆಗೆ ಮರಳಲು ಆಜ್ಞಾಪಿಸುತ್ತದೆ. ಆದುದರಿಂದ ಕ್ಷಮೆಯ ಭರವಸೆಯು ಪಾಪಕ್ಕೆ ಪರವಾನಗಿಯಲ್ಲ, ಮರಳುವವನಿಗೆ ತೆರೆದಿರುವ ಬಾಗಿಲು.

ನಮಾಝ್ ತಪ್ಪಿಸಿದವರೂ ಕೊಟ್ಟ ಮಾತು ಮುರಿದವರೂ ಇಂದೇ ತೌಬಾ ಮಾಡಿ ಮರಳೋಣ. ನಾವು ಎಷ್ಟು ಬಾರಿ ಎಡವಿದರೂ ಅಲ್ಲಾಹನು ತನ್ನ ವಾಗ್ದಾನವನ್ನು ಮುರಿಯುವವನಲ್ಲ.