ಮಳೆ ಬರೆದ ಮನೆಯ ನಕ್ಷೆ

ಸೊರಬ ತಾಲ್ಲೂಕಿನ ಜಡೆಯಂಥ ಮಲೆನಾಡಿನ ಅಂಚಿನ ಊರುಗಳಲ್ಲಿ ಈಗ ಎರಡೆರಡು ಮಾಡಿನ ಮನೆಗಳನ್ನು ಕಾಣಬಹುದು. ಕೆಳಗೆ ಆರ್‌ಸಿಸಿ ತಾರಸಿ. ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಇಳಿಜಾರಾಗಿ ಹೊದಿಸಿದ ತಗಡಿನ ಶೀಟು. ಒಂದೇ ಮನೆಗೆ ಎರಡು ಸೂರಿನ ಖರ್ಚು! ಹೀಗೇಕಾಯಿತು?

ಉತ್ತರ ಹುಡುಕಲು ಹಳೆಯ ಹಂಚಿನ ಮನೆಯನ್ನೊಮ್ಮೆ ನೋಡಬೇಕು. ಅದರ ಮಾಡಿನ ಇಳಿಜಾರು ಅಂದಕ್ಕಾಗಿ ಬಂದದ್ದಲ್ಲ, ಮಳೆನೀರು ನಿಲ್ಲದೆ ಜಾರಿಹೋಗಲೆಂದು ಬಂದದ್ದು. ಸೂರು ಮುಂದಕ್ಕೆ ಚಾಚಿದ್ದು ಮಣ್ಣಿನ ಗೋಡೆ ನೆನೆಯದಿರಲಿ ಎಂದು. ಅದರ ನೆರಳಿನಲ್ಲೇ ಜಗಲಿ ಹುಟ್ಟಿತು. ಒಲೆಯ ಮೇಲಿನ ಅಟ್ಟಕ್ಕೆ ಹೊಗೆ ತಾಗಿ ಅಲ್ಲಿಟ್ಟ ವಸ್ತು ಹುಳ ಹಿಡಿಯದೆ ಒಣಗಿರುತ್ತಿತ್ತು. ಮೊದಲು ಹುಲ್ಲು, ಸೋಗೆ, ನಾಡಹಂಚು ಹೊದಿಸುತ್ತಿದ್ದರು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹೊದಿಕೆ ಬದಲಾಯಿತು, ಇಳಿಜಾರು ಬದಲಾಗಲಿಲ್ಲ. ಅತ್ತ ಬಯಲುಸೀಮೆಯಲ್ಲಿ ಮಳೆ ಕಡಿಮೆ. ಅಲ್ಲಿ ಚಪ್ಪಟೆ ಮಣ್ಣಿನ ಮಾಳಿಗೆಯೇ ಸರಿ: ಕಾಳು ಒಣಗಿಸಲೂ ಆಯಿತು, ಬೇಸಿಗೆಯ ರಾತ್ರಿ ಮಲಗಲೂ ಆಯಿತು.

ಕಟ್ಟಡದ ಉಪಯೋಗವೇ ಅದರ ಆಕಾರವನ್ನು ನಿರ್ಧರಿಸಬೇಕು ಎಂಬ ಮಾತನ್ನು ಪಶ್ಚಿಮದಲ್ಲಿ ಪ್ರಸಿದ್ಧಗೊಳಿಸಿದವರು ಷಿಕಾಗೋದ ವಾಸ್ತುಶಿಲ್ಪಿ ಲೂಯಿ ಸಲಿವನ್, 1896ರಲ್ಲಿ. ಆಧುನಿಕ ವಾಸ್ತುಶಿಲ್ಪಕ್ಕೆ ಅದೇ ಮಂತ್ರವಾಯಿತು. ಚಂಡೀಗಡದ ನಕ್ಷೆ ಬರೆದ ಲ ಕಾರ್ಬೂಸಿಯೇ 1920ರ ದಶಕದಲ್ಲಿ ಸಾರಿದ ಐದು ಸೂತ್ರಗಳಲ್ಲಿ ತಾರಸಿ ತೋಟವೂ ಒಂದು. ವಿಪರ್ಯಾಸವೆಂದರೆ, ಮಂತ್ರಕ್ಕಿಂತ ಆಕಾರವೇ ಹೆಚ್ಚು ಜನಪ್ರಿಯವಾಯಿತು. ಚಪ್ಪಟೆ ಸೂರು ಎಲ್ಲೆಡೆ ಹೊಸತನದ ಗುರುತಾಯಿತು.

ಈ ಅಪಾಯವನ್ನು ಅರಿತ ಒಬ್ಬರು ನಮ್ಮ ಮೈಸೂರು ಸಂಸ್ಥಾನದಲ್ಲೇ ಇದ್ದರು. ಬರ್ಲಿನ್‌ನಲ್ಲಿ 1908ರಲ್ಲಿ ಹುಟ್ಟಿದ ಯಹೂದಿ ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್, ನಾಜಿ ಆಡಳಿತದಿಂದ ಪಾರಾಗಿ ಈಜಿಪ್ಟ್ ಮಾರ್ಗವಾಗಿ 1939ರಲ್ಲಿ ಬೆಂಗಳೂರಿಗೆ ಬಂದರು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಆ ಕಾಲದಲ್ಲಿ ಅವರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾದರು. ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಏರೋನಾಟಿಕ್ಸ್ ವಿಭಾಗ, ಊಟದ ಹಾಲ್ ಮೊದಲಾದವುಗಳನ್ನು ರೂಪಿಸಿದರು. ಬಿಸಿಲು ಎತ್ತಣಿಂದ ಬೀಳುತ್ತದೆ, ಗಾಳಿ ಎತ್ತಣಿಂದ ಬೀಸುತ್ತದೆ ಎಂಬುದು ಅವರಿಗೆ ನಕ್ಷೆಯ ಮೊದಲ ಪ್ರಶ್ನೆ. ನಮ್ಮ ಜಿಲ್ಲೆಯ ಭದ್ರಾವತಿಯ ಪಟ್ಟಣ ಯೋಜನೆಯಲ್ಲೂ ಅವರ ಕೈ ಇತ್ತು. 1948ರಲ್ಲಿ ಭುವನೇಶ್ವರದ ನಗರ ಯೋಜನೆ ರೂಪಿಸಿದವರೂ ಅವರೇ. ಮುಂದೆ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನು ಪಾಠವಾಗಿಯೇ ಕಲಿಸಿದರು. ಹವಾಮಾನವೂ ಕಟ್ಟಡದ ಉದ್ದೇಶದ ಒಂದು ಭಾಗ ಎಂಬುದು ಆ ಪಾಠದ ತಿರುಳು.

ಜಡೆಯ ತಾರಸಿಗೂ ಇದೇ ಮಾತು ಅನ್ವಯಿಸುತ್ತದೆ. ಚಪ್ಪಟೆ ಕಾಂಕ್ರೀಟಿನ ಮೇಲೆ ನೀರು ನಿಂತರೆ ಸಣ್ಣ ಬಿರುಕಿನಲ್ಲಿ ಇಳಿಯುತ್ತದೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ಬೇಸಿಗೆಯಲ್ಲಿ ಹಗಲು ಹೀರಿದ ಬಿಸಿಯನ್ನು ರಾತ್ರಿ ಮನೆಯೊಳಕ್ಕೆ ಬಿಡುತ್ತದೆ. ಕೊನೆಗೆ ಶೀಟು ಬರುತ್ತದೆ, ಅಂದರೆ ಬಿಟ್ಟುಬಂದ ಇಳಿಜಾರು ಮತ್ತೆ ಮಹಡಿ ಹತ್ತುತ್ತದೆ!

ಹಾಗೆಂದು ತಾರಸಿಯೇ ತಪ್ಪೆನ್ನಲಾಗದು. ಬೇಯಿಸಿದ ಅಡಿಕೆ ಹರವಲು ಅದಕ್ಕಿಂತ ಒಳ್ಳೆಯ ಅಂಗಳ ಯಾವುದು? ಹಂಚಿಗೆ ಮಂಗಗಳ ಕಾಟ, ಮರಕ್ಕೆ ಗೆದ್ದಲಿನ ಕಾಟ ಇದ್ದದ್ದೂ ನಿಜ. ಅಡಿಕೆ ಒಣಗಬೇಕಾದಲ್ಲಿ ತಾರಸಿ, ಮನುಷ್ಯರು ಮಲಗಬೇಕಾದಲ್ಲಿ ಇಳಿಜಾರು ಎಂದು ಮೊದಲೇ ಯೋಚಿಸಿದರೆ ಎರಡನೆಯ ಸೂರಿನ ದುಡ್ಡು ಉಳಿಯುತ್ತದೆ. ಜೀವಮಾನದ ಉಳಿತಾಯವನ್ನೆಲ್ಲ ಸುರಿದು ಮನೆ ಕಟ್ಟುವವರಿಗೆ ಅದು ಸಣ್ಣ ಮೊತ್ತವಲ್ಲ. ಪೇಟೆಯ ಮನೆಯ ಚಿತ್ರ ತೋರಿಸಿ ಹೀಗೇ ಬೇಕು ಎನ್ನುವ ಮೊದಲು, ಆ ಪೇಟೆಯಲ್ಲಿ ಮಳೆ ಎಷ್ಟು ಎಂದು ಕೇಳುವುದು ಒಳ್ಳೆಯದು.