ಚಿಮಣಿಯ ಮಸಿ, ಜೀವಕೋಶದ ಮೂಗುದಾರ

ಲಂಡನ್ನಿನ ಸೇಂಟ್ ಬಾರ್ಥಲೊಮ್ಯೂ ಆಸ್ಪತ್ರೆಯ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ ಚಿಮಣಿ ಗುಡಿಸುವವರ ವೃಷಣಚೀಲದ ಮೇಲೆ ಏಳುವ ಕ್ಯಾನ್ಸರ್ ಹುಣ್ಣಿನ ಬಗ್ಗೆ ಬರೆದ. ಕಸುಬಿನವರ ಬಾಯಲ್ಲಿ ಅದು ‘ಮಸಿ ನರುಲಿ’. ಅದನ್ನು ಲೈಂಗಿಕ ರೋಗವೆಂದು ಬಗೆದು ಪಾದರಸದ ಔಷಧ ಕೊಡುವುದು ಆಗ ವಾಡಿಕೆಯಾಗಿತ್ತು. ಚರ್ಮದ ಸುಕ್ಕುಗಳಲ್ಲಿ ಕೂತ ಮಸಿಯೇ ಇದರ ಮೂಲ ಎಂದ ಪಾಟ್. ಎಳೆಯ ಹುಡುಗರನ್ನು ಇಕ್ಕಟ್ಟಾದ ಚಿಮಣಿಯೊಳಗೆ ಹತ್ತಿಸುತ್ತಿದ್ದರು. ಮೊಣಕೈ, ಮೊಣಕಾಲು ಗೋಡೆಗೆ ಊರಿ ತೆವಳುವಾಗ ತರಚಿದ ಮೈಗೆ ಮಸಿ ಮೆತ್ತುತ್ತಿತ್ತು. ರೋಗ ಕಾಣುತ್ತಿದ್ದುದು ಮಾತ್ರ ಅವರು ಪ್ರಾಯಕ್ಕೆ ಬಂದ ಮೇಲೆ, ಅನೇಕರಲ್ಲಿ ಎಷ್ಟೋ ವರ್ಷಗಳಾದ ನಂತರ. ಮಸಿಯೇ ಕಾರಣವಾದರೆ ಇಷ್ಟು ತಡವೇಕೆ? ಮಸಿ ಮೆತ್ತಿಕೊಂಡ ಎಲ್ಲರಿಗೂ ಏಕೆ ಬರಲಿಲ್ಲ? ನ್ಯಾಯವಾದ ಈ ಪ್ರಶ್ನೆಗಳಿಗೆ ಉತ್ತರ ಜೀವಕೋಶದ ಒಳಗಿತ್ತು.

ಕೈಗೆ ಗಾಯವಾದಾಗ ಅಂಚಿನ ಕೋಶಗಳು ಒಡೆದು ಎರಡಾಗುತ್ತ ಬಿರುಕನ್ನು ತುಂಬುತ್ತವೆ. ಚರ್ಮ ಕೂಡಿಕೊಂಡ ಮೇಲೆ ಅವಸರ ನಿಲ್ಲುತ್ತದೆ. ಈ ಓಟವನ್ನೂ ನಿಲುಗಡೆಯನ್ನೂ ನಡೆಸುವುದು ಕೋಶದ ಡಿಎನ್‌ಎಯಲ್ಲಿರುವ ಜೀನ್‌ಗಳು: ಕೋಶವನ್ನು ಬೆಳೆಯಲು ಹುರಿದುಂಬಿಸುವವು ಬಾರುಕೋಲಿನಂತೆ, ತಡೆದು ನಿಲ್ಲಿಸುವವು ಮೂಗುದಾರದಂತೆ. ರ‍್ಯಾಸ್ ಎಂಬ ಜೀನ್ ಮೊದಲ ಬಗೆಯದು. ಮನುಷ್ಯನ ಮೂತ್ರಕೋಶದ ಗಡ್ಡೆಯೊಂದರಲ್ಲಿ ಇದರ ಡಿಎನ್‌ಎ ಬರಹದ ಒಂದೇ ಒಂದು ಅಕ್ಷರ ಬದಲಾಗಿ, ‘ಬೆಳೆ’ ಎಂಬ ಆಜ್ಞೆ ನಿಲ್ಲದಂತಾಗಿತ್ತೆಂದು 1982ರಲ್ಲಿ ಗೊತ್ತಾಯಿತು. ಪಿ53 ಎರಡನೆಯ ಬಗೆಯದು. ಡಿಎನ್‌ಎ ಕೆಟ್ಟರೆ ವಿಭಜನೆಯನ್ನು ತಡೆಯುತ್ತದೆ, ರಿಪೇರಿ ಸಾಧ್ಯವಿಲ್ಲದಿದ್ದರೆ ಆ ಕೋಶವನ್ನೇ ಸಾಯಿಸುತ್ತದೆ. ಬೆಳವಣಿಗೆ ಹದ್ದು ಮೀರಲು ಸಾಮಾನ್ಯವಾಗಿ ಜೀನಿಗೆ ಬೀಳುವ ಒಂದು ಪೆಟ್ಟು ಸಾಲದು; ಒಂದೇ ಕೋಶದ ಸಂತತಿಯಲ್ಲಿ ಹಲವು ಪೆಟ್ಟುಗಳು ಕೂಡಿಬರಬೇಕು. ಯಾರ ಯಾವ ಕೋಶಕ್ಕೆ ಅವೆಲ್ಲ ಬೀಳುತ್ತವೆಂಬುದರಲ್ಲಿ ಆಕಸ್ಮಿಕಕ್ಕೂ ಪಾಲುಂಟು. ಆ ತಡಕ್ಕೂ, ಕೆಲವರು ಪಾರಾದದ್ದಕ್ಕೂ ಇದೇ ಕಾರಣ.

ಮಸಿಗೂ ಜೀನಿಗೂ ನಂಟೆಲ್ಲಿ ಎಂದು ಕೇಳಿದರೆ, ಕೊಂಡಿಗಳು ಒಂದೊಂದಾಗಿ ಸಿಕ್ಕಿವೆ. ಜಪಾನಿನ ಯಮಗಿವಾ ಮತ್ತು ಇಚಿಕಾವಾ ಮೊಲಗಳ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲ ಡಾಂಬರು ಬಳಿದು, 1915ರ ಹೊತ್ತಿಗೆ ಕ್ಯಾನ್ಸರ್ ಬರಿಸಿ ತೋರಿಸಿದರು. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಎರಡು ಟನ್ ಡಾಂಬರಿನಿಂದ ಬೆಂಜೊಪೈರೀನ್ ಎಂಬ ವಿಷವಸ್ತುವನ್ನು ಬೇರ್ಪಡಿಸಿದರು. ಮಸಿಯಲ್ಲಿರುವ ಈ ವಸ್ತು ಬೀಡಿ, ಸಿಗರೇಟಿನ ಹೊಗೆಯಲ್ಲೂ ಉಂಟು. ದೇಹದೊಳಗೆ ರೂಪ ಬದಲಿಸಿ ಇದು ಪಿ53ರ ಯಾವ ತಾಣಗಳಿಗೆ ಹೆಚ್ಚಾಗಿ ಅಂಟುತ್ತದೋ, ಶ್ವಾಸಕೋಶದ ಗಡ್ಡೆಗಳಲ್ಲಿ ಆ ಜೀನ್ ಅದೇ ತಾಣಗಳಲ್ಲಿ ಮತ್ತೆ ಮತ್ತೆ ಕೆಟ್ಟಿರುವುದು 1996ರಲ್ಲಿ ಕಂಡುಬಂತು.

ಜೀನ್ ಎಂದೊಡನೆ ‘ಹಣೆಬರಹ’ ಎನ್ನುವವರುಂಟು. ಕೆಟ್ಟ ಜೀನನ್ನು ಹುಟ್ಟಿನಿಂದಲೇ ಪಡೆದವರಿದ್ದಾರೆ, ನಿಜ. ಮಕ್ಕಳ ಕಣ್ಣಿನ ಗಡ್ಡೆಯ 48 ಪ್ರಕರಣಗಳನ್ನು ಪರಿಶೀಲಿಸಿ 1971ರಲ್ಲಿ ಆಲ್ಫ್ರೆಡ್ ನಡ್ಸನ್ ತರ್ಕಿಸಿದ್ದು, ಅಂಥ ಮಕ್ಕಳಿಗೆ ಮೊದಲ ಪೆಟ್ಟು ಹುಟ್ಟಿನಲ್ಲೇ ಬಿದ್ದಿರುತ್ತದೆ ಎಂದು. ಆದರೆ ಅವರಲ್ಲೂ ಗಡ್ಡೆಗೆ ಎರಡನೆಯ ಪೆಟ್ಟು ಬೇಕು. ಚಿಮಣಿ ಹುಡುಗರ ಜೀನ್‌ಗಳಿಗಂತೂ ಹೊರಗಿನಿಂದ ಪೆಟ್ಟು ಕೊಟ್ಟದ್ದು ಮಸಿ. ಹಾಗಾದರೆ ಜೀನಿನ ಅರಿವಿಲ್ಲದೆಯೂ ರೋಗ ತಡೆಯಬಹುದಿತ್ತಲ್ಲವೇ? ಖಂಡಿತ. ಯುರೋಪಿನ ಇತರ ದೇಶಗಳಲ್ಲಿ ಈ ರೋಗ ಅಪರೂಪವೇಕೆಂದು 1892ರಲ್ಲಿ ವಿಚಾರಿಸಿದ ಹೆನ್ರಿ ಬಟ್ಲಿನ್‌ಗೆ ಕಂಡದ್ದು, ಅಲ್ಲಿನವರು ಮೈಮುಚ್ಚುವ ಉಡುಪು ತೊಡುತ್ತಿದ್ದರು, ಮೈತೊಳೆದುಕೊಳ್ಳುತ್ತಿದ್ದರು ಎಂಬುದು. ಆ ರೂಢಿ ಏಕೆ ಫಲಿಸಿತೆಂದು ಜೀನ್ ವಿಜ್ಞಾನ ತಿಳಿಸುತ್ತದೆ: ತೊಳೆದುಹೋದ ಮಸಿ ಮುಂದಿನ ಪೆಟ್ಟು ಕೊಡಲಾರದು. ಇಂಗ್ಲೆಂಡ್ 1788ರಲ್ಲೇ ಎಂಟು ವರ್ಷದೊಳಗಿನವರನ್ನು ಈ ಕೆಲಸಕ್ಕೆ ಹಚ್ಚಬಾರದೆಂದು ಕಾನೂನು ಮಾಡಿತು, ಆದರೆ ಅದು ಪಾಲನೆಯಾಗಲಿಲ್ಲ. ಹುಡುಗರನ್ನು ಹತ್ತಿಸುವ ಪದ್ಧತಿಗೆ ಕೊನೆ ಹಾಡಿದ್ದು 1875ರ ಕಾಯಿದೆ. ಪಾಟ್ ಕಾರಣ ತೋರಿಸಿ ಆಗಲೇ 100 ವರ್ಷ ಕಳೆದಿತ್ತು.