ಇಂದೂರಿನ ದೀಪಾವಳಿ ಮೆರವಣಿಗೆ: ನಗರ ಯೋಜನೆಯಲ್ಲಿ ಕಥನ

ನಗರ ಯೋಜನೆಯ ಚರಿತ್ರೆಯನ್ನು ನಾವು ನಕ್ಷೆ, ಕಾಯಿದೆ, ವರದಿಗಳ ಮೂಲಕವೇ ಓದುತ್ತ ಬಂದಿದ್ದೇವೆ. ಕಥನವೂ ಅದರ ಸಾಧನವಾಗಿತ್ತೆಂಬುದಕ್ಕೆ ಇಂದೂರಿನ ಪ್ರಸಂಗವೊಂದು ನಿದರ್ಶನ. 1914ರಲ್ಲಿ ಭಾರತಕ್ಕೆ ಬಂದ ಸ್ಕಾಟ್ಲೆಂಡಿನ ಜೀವವಿಜ್ಞಾನಿ ಪ್ಯಾಟ್ರಿಕ್ ಗೆಡ್ಡಿಸ್ ಇಂದೂರು ದರ್ಬಾರಿಗೆ ಸಿದ್ಧಪಡಿಸಿದ ನಗರಾಭಿವೃದ್ಧಿ ವರದಿಯು 1918ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು.

ಆ ದಿನಗಳಲ್ಲಿ ಊರನ್ನು ಪ್ಲೇಗು ಕಾಡುತ್ತಿತ್ತು. ನಕ್ಷೆ ಹಿಡಿದು ಬೀದಿ ಸುತ್ತುವ ಪರಕೀಯನ ಬಗ್ಗೆ ಜನರಲ್ಲಿ ಶಂಕೆಯಿತ್ತು. ಗೆಡ್ಡಿಸ್ ಒಂದು ದಿನದ ಮಟ್ಟಿಗೆ ಮಹಾರಾಜರ ಅಧಿಕಾರವನ್ನು ಕೇಳಿ ಪಡೆದರು. ದೀಪಾವಳಿಯ ಮೆರವಣಿಗೆಯು ವಾಡಿಕೆಯ ಮಾರ್ಗವನ್ನು ಬಿಟ್ಟು, ಹೆಚ್ಚು ಮನೆಗಳು ದುರಸ್ತಿಗೊಂಡು ಶುಚಿಯಾಗಿರುವ ಬೀದಿಗಳಲ್ಲಿ ಸಾಗುವುದೆಂದು ಸಾರಿಸಿದರು. ರಾಕ್ಷಸನ ಪ್ರತಿಮೆಯ ಜೊತೆಗೆ ಪ್ಲೇಗಿನ ಬೃಹತ್ ಇಲಿ, ಶುಭ್ರವಸ್ತ್ರ ಧರಿಸಿ ಹೊಸ ಪೊರಕೆ ಹಿಡಿದ ಬೀದಿ ಗುಡಿಸುವವರು, ಮುಂದೆ ಕಟ್ಟಬೇಕಾದ ಕಟ್ಟಡಗಳ ಮಾದರಿಗಳು ಸಾಗಿದವು. ಕೊನೆಗೆ ರಾಕ್ಷಸನನ್ನೂ ಇಲಿಯನ್ನೂ ದಹಿಸಲಾಯಿತು.

ಮಾರ್ಗದ ನಿರ್ಣಯ ನಿವಾಸಿಗಳ ಕೈಸೇರಿದುದೇ ಇಲ್ಲಿಯ ವಿಶೇಷ. ಆದರೆ ಕಥೆಯ ಕರ್ತೃ ಯೋಜಕರೇ. ಗುಡಿಸುವವರು ಗೌರವದ ಪಾತ್ರಧಾರಿಗಳಾದರೇ ಹೊರತು ನಿರೂಪಕರಾಗಲಿಲ್ಲ. ಪ್ರಸಂಗವೂ ನಮಗೆ ಬಹುಮಟ್ಟಿಗೆ ಗೆಡ್ಡಿಸರ ಮಾತಿನಿಂದಲೇ ದೊರೆತಿದೆ.

ಗೆಡ್ಡಿಸ್ 1919ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಸಮಾಜಶಾಸ್ತ್ರ ಹಾಗೂ ಪೌರಶಾಸ್ತ್ರದ ಪ್ರಥಮ ಪ್ರಾಧ್ಯಾಪಕರಾದರು. ಅದೇ ನಗರದ ಚಾಳುಗಳಲ್ಲಿ ಬಾಳಿದ ಕನ್ನಡಿಗರ ನೆನಪುಗಳನ್ನು ಸಂಗ್ರಹಿಸುವಾಗ ನಾವು ಈ ಭೇದವನ್ನು ಮರೆಯಬಾರದು. ನಿವಾಸಿಗೆ ಹೇಳಿದ ಕಥೆ ಬೇರೆ, ನಿವಾಸಿಯೇ ಹೇಳಿದ ಕಥೆ ಬೇರೆ. ಎರಡನೆಯದು ದಾಖಲಾಗದೆ ನಗರದ ಚರಿತ್ರೆ ಪೂರ್ಣವಾಗದು.